ಒಂದು ಬನ್ಸ್, ಎರಡು ಬನ್ಸ್

ಹೆಜಮಾಡಿ ದಾಟಿದ ಮೇಲೆ ಚಟ್ನಿ ಬದಲಾಗುತ್ತದೆ.
ನಂಬದಿದ್ದರೆ ಬೇಡ.
ಇಪ್ಪತ್ತಾರು ವರ್ಷ ಸ್ಟೇಟ್‌ಬ್ಯಾಂಕಿನಿಂದ ಉಡುಪಿಗೆ,
ಉಡುಪಿಯಿಂದ ಸ್ಟೇಟ್‌ಬ್ಯಾಂಕಿಗೆ
ಒಂದು ಕಾಲು ಫುಟ್‌ಬೋರ್ಡಿನಲ್ಲಿ, ಒಂದು ಗಾಳಿಯಲ್ಲಿ
ಹೋಗಿ ಬಂದವ ನಾನು, ಕಂಡಕ್ಟರ್ ಗಿಲ್ಬರ್ಟ್.
ಬಾಯಲ್ಲಿ ಸೀಟಿ.
ಸೀಟಿ ಇಲ್ಲದಾಗ ಬನ್ಸ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ:
ಒಂದಿದ್ದರೂ ಬನ್ಸ್, ಹತ್ತಿದ್ದರೂ ಬನ್ಸ್.
‘ಒಂದು ಬನ್ ಕೊಡಿ’ ಅಂದವನು ಘಟ್ಟದ ಮೇಲಿನವನು,
ಅವನಿಗೆ ಬೇಕರಿಯ ದಾರಿ ತೋರಿಸಿ.

ಡ್ರೈವರ್ ಇದಿನಬ್ಬ ಬಂದರಿನವ.
ಅವನ ಬನ್ಸ್ ಸುಟ್ಟಿತೇನೋ ಅನ್ನುವ ಹೊತ್ತಿಗೆ
ಎಣ್ಣೆಯಿಂದ ಮೇಲೆ ಬರಬೇಕು,
ಜೀರಿಗೆ ಹಲ್ಲಿಗೆ ಸಿಗಬೇಕು,
ಚಟ್ನಿಗೆ ಕಣ್ಣು ಒದ್ದೆಯಾಗಬೇಕು.
ಕ್ಲೀನರ್ ಲಕ್ಷಿತ್ ಮಲ್ಪೆಯ ಹುಡುಗ.
ಅವನದ್ದು ಪೂರಿಯ ಹಾಗೆ ಉಬ್ಬಬೇಕು,
ಬೆರಳಿಟ್ಟರೆ ಉಸಿರು ಬಿಡಬೇಕು,
ಮೇಲೆ ಸಾಂಬಾರು,
ಸಾಂಬಾರಿಗೆ ಒಂದು ಚೂರು ಬೆಲ್ಲ.

“ಬೆಲ್ಲ ಹಾಕಿದ್ರೆ ಅದು ಸಾಂಬಾರಾ, ಪಾಯಸವಾ ಮಾರಾಯ?”
“ನಿಮ್ಮ ಚಟ್ನಿಯ ರುಚಿ ಮರುದಿನ ಬೆಳಿಗ್ಗೆಯೂ ಗೊತ್ತಾಗ್ತದೆ, ಬ್ಯಾರಿಗಳೇ.”
ಆಮೇಲೆ ಉತ್ತರವೆಲ್ಲ ಹಾರ್ನಿನಲ್ಲಿ.

ಹೀಗೇ ಒಂದು ದಿನ ಪಡುಬಿದ್ರಿಯಲ್ಲಿ ಮಾತು ಬಿಟ್ಟರು.
ಕ್ಲೀನರ್ ಬಾಗಿಲು ಬಡಿಯಲಿಲ್ಲ,
ಡ್ರೈವರ್ ನಿಲ್ಲಿಸಲಿಲ್ಲ,
ಕಾಪುವಿನಲ್ಲಿ ಇಳಿಯಬೇಕಿದ್ದ ಅಜ್ಜಿ
ಮಲ್ಲಿಗೆ ಬುಟ್ಟಿ ಸಮೇತ ಕಟಪಾಡಿ ಸೇರಿದಳು.
ಬೈದಳು, ಮೂವರಿಗೂ ಸರಿಸಮ.
ಇಳಿದ ಮೇಲೆ ತಿರುಗಿ ನಿಂತು ಹೇಳಿದಳು:
“ಹಿಟ್ಟು ರಾತ್ರಿಯಿಡೀ ಮೊಸರಲ್ಲಿ ಹುಳಿ ಬಂದಿದ್ದರೆ
ಚಟ್ನಿಯೂ ಬೇಡ ಸಾಂಬಾರೂ ಬೇಡ.
ನಿಮಗೆ ತಿನ್ನಲಿಕ್ಕೆ ಬರುವುದಿಲ್ಲ, ಬಸ್ಸು ಬಿಡಲಿಕ್ಕೂ.”

ಮಾತಿಲ್ಲದೆ ಹನ್ನೊಂದು ದಿನ.
ಹನ್ನೆರಡನೆಯ ದಿನ ದಾವಣಗೆರೆಯ ದಿಬ್ಬಣ, ಬಾಡಿಗೆ ಟ್ರಿಪ್ಪು.
ಮುಲ್ಕಿಯ ಕೊಗ್ಗಣ್ಣನ ಹೊಟೇಲಿನಲ್ಲಿ ನಿಲ್ಲಿಸಿದೆವು.
ಬಾಣಲೆಯಿಂದ ಆಗ ತಾನೇ ಇಳಿದ ಬನ್ಸ್,
ಆವಿ ಹಾರುತ್ತಿತ್ತು.
ಹೊಸ ಶರಟಿನ ಒಬ್ಬ ಹುಡುಗ ಕೇಳಿದ:
“ಅಂಕಲ್, ಕೆಂಪು ಸಾಸ್ ಐತಾ?”

ಕೊಗ್ಗಣ್ಣನ ಝಾರಿ ಗಾಳಿಯಲ್ಲೇ ನಿಂತಿತು.
ಎಣ್ಣೆ ಮಾತ್ರ ತೊಟ್ಟಿಕ್ಕುತ್ತಿತ್ತು.
“ಇಲ್ಲ!”
ಅಂದದ್ದು ಇದಿನಬ್ಬ,
ಅಂದದ್ದು ಲಕ್ಷಿತ್,
ಒಂದೇ ಉಸಿರಿಗೆ, ಒಂದೇ ಗಂಟಲಿನ ಹಾಗೆ.
ಹುಡುಗನ ಕಣ್ಣು ತುಂಬಿತು.
ಅವನಪ್ಪ ಎದ್ದು ಬಂದಾಗ ಜಗಳವೇ ಅಂದುಕೊಂಡೆ.
ಆತ ಮಗನ ಬೆನ್ನು ಸವರಿ
“ನಮ್ಮ ಬೆಣ್ಣೆ ದೋಸೆಗೆ ಯಾರಾರ ಸಾಂಬಾರ್ ಕೇಳಿದ್ರೆ
ನಾನೂ ಹಿಂಗೇ ನೋಡೀನಿ ಬಿಡ್ರಿ” ಅಂದ.
ಕೊಗ್ಗಣ್ಣ ಅವನಿಂದ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ನಾನು ಮನೆಯಲ್ಲಿದ್ದೇನೆ, ಮೊಣಕಾಲು ಹೋಗಿದೆ.
ಇದಿನಬ್ಬನಿಗೆ ಸಕ್ಕರೆ ಕಾಯಿಲೆ,
ನಮ್ಮ ಲಿಲ್ಲಿ ಬಾಳೆಹಣ್ಣು ಕಪ್ಪಾಗಲಿಕ್ಕೆ ಇಟ್ಟರೆ
ವಾಸನೆ ನೋಡಿಯೇ ಹೋಗುತ್ತಾನೆ, ಪಾಪ.
ಲಕ್ಷಿತ್ ಡ್ರೈವರಾಗಿದ್ದಾನೆ.
ಮೊನ್ನೆ ಭಾನುವಾರ ಎರಡು ಪೊಟ್ಟಣ ತಂದ,
ಒಂದು ಬಂದರಿನದು, ಒಂದು ಉಡುಪಿಯದು.
ನನ್ನ ಕಣ್ಣಿಗೆ ಲಿಲ್ಲಿಯ ಸೆರಗು ಕಟ್ಟಿಸಿದ.
ಹೇಳಿ ಗಿಲ್ಬರ್ಟಣ್ಣ, ಯಾವುದು ಯಾವುದು?

ಬಿಸಿ ಆರಿತ್ತು. ಮೊದಲನೆಯದನ್ನು ಜಗಿದೆ.
ಎರಡನೆಯದನ್ನು ಜಗಿದೆ.
ಎದುರಿನ ಕುರ್ಚಿಯಲ್ಲಿ ಇದಿನಬ್ಬ ಉಸಿರು ಹಿಡಿದದ್ದು
ನನಗೆ ಕೇಳುತ್ತಿತ್ತು.
ತಣಿದ ಬನ್ಸಿಗೆ ಊರಿಲ್ಲ.
ಇಪ್ಪತ್ತಾರು ವರ್ಷದ ನಾಲಿಗೆ, ದೇವರಾಣೆ,
ಏನೂ ಗೊತ್ತಾಗಲಿಲ್ಲ.

ಕೆಮ್ಮಿದೆ. ನೀರು ಕುಡಿದೆ.
ಆಮೇಲೆ ಕಂಡಕ್ಟರ್ ಸ್ವರದಲ್ಲೇ ಗದರಿದೆ:
“ಚಟ್ನಿ ಎಲ್ಲಿ ಮಾರಾಯ?
ಚಟ್ನಿ ಇಲ್ಲದೆ ಹೇಗೆ ಹೇಳುವುದು?”